‘ಅಮ್ಮಂದು ಆಪರೇಷನ್ ಆಯ್ತಾ ಮೇಡಂ?’: ಒಂದು ರಿಮೋಟ್ ಸಪೋರ್ಟ್ ಪ್ರಕರಣ

ಪ್ರಿಂಟರ್ ಸರಿಹೋದ ಎರಡು ದಿನಕ್ಕೆ ಅಕ್ಕನಿಗೆ ಫೋನ್ ಬಂತು. ಅದೇ ಕಸ್ಟಮರ್ ಕೇರ್, ಅದೇ ಹುಡುಗ. ಪ್ರಿಂಟ್ ಸರಿಯಾಗಿ ಬರ್ತಿದೆಯಾ ಎಂದು ವಿಚಾರಿಸಿದ. ಬರ್ತಿದೆ ಎಂದಳು. ಇನ್ನೇನು ಫೋನ್ ಇಡಬೇಕು, ಅಷ್ಟರಲ್ಲಿ ಆತ ಕೇಳಿದ: “ಅಮ್ಮಂದು ಆಪರೇಷನ್ ಆಯ್ತಾ ಮೇಡಂ? ಹೇಗಿದ್ದಾರೆ ಈಗ?”

ಆ ದನಿಯಲ್ಲಿ ಕಪಟ ಇರಲಿಲ್ಲ ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ. “ಆಯ್ತು, ಹುಷಾರಾಗಿದ್ದಾರೆ” ಎಂದು ಉತ್ತರವನ್ನೂ ಕೊಟ್ಟಳಂತೆ. ಫೋನ್ ಇಟ್ಟ ಮೇಲೆ ಹೊಳೆಯಿತು: ಅಮ್ಮನಿಗೆ ಆಪರೇಷನ್ ಇದೆ ಎಂಬುದನ್ನು ಅವಳು ಆತನಿಗೆ ಹೇಳಿರಲೇ ಇಲ್ಲ.

ಇದು ನನ್ನ ಕಿವಿಗೆ ಬಿದ್ದದ್ದು ಮೂರು ವಾರ ಕಳೆದು, ಪ್ರಿಂಟರ್ ಮತ್ತೆ ಕೈಕೊಟ್ಟಾಗ. “ಅವರಿಗೇ ಫೋನ್ ಮಾಡೋಕೆ ಯಾಕೋ ಮನಸ್ಸಾಗ್ತಿಲ್ಲ ಕಣೋ, ನೀನೇ ಏನಾದ್ರೂ ನೋಡು” ಅಂದಳು. ಯಾಕೆ ಎಂದು ಕೆದಕಿದ್ದಕ್ಕೆ ಈ ಮಾತು ಹೊರಬಂತು. ನಾನಿರುವುದು ಬೇರೆ ಊರಿನಲ್ಲಿ. ಮನೆಯ ಕಂಪ್ಯೂಟರಿಗೆ ಏನಾದರೂ ಮೊದಲ ಫೋನ್ ಬರುವುದು ನನಗೆ. ಆ ದಿನ ನಾನು ಎತ್ತಿರಲಿಲ್ಲ, ಅವಳು ಕಂಪನಿಗೆ ಮಾಡಿದ್ದಳು. ಅಕ್ಕನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಕೆಲವು ವಿವರ ಬದಲಿಸಿದ್ದೇನೆ, ಒಂದನ್ನು ಪೂರಾ ಬಿಟ್ಟಿದ್ದೇನೆ.

ರಿಮೋಟ್ ಸಪೋರ್ಟ್, ಅಂದರೆ ದೂರದಿಂದಲೇ ನಮ್ಮ ಕಂಪ್ಯೂಟರಿನೊಳಗೆ ಬಂದು ರಿಪೇರಿ ಮಾಡುವುದು, ಎಂದೊಡನೆ ಎಲ್ಲರಿಗೂ ನೆನಪಾಗುವವರು ವಂಚಕರು. ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಪರದೆ ತುಂಬ ಕಿರುಚುವ ಸಂದೇಶ, ಆಮೇಲೆ ಹಣ ಮಾಯ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆ ಸಂದೇಶದಲ್ಲಿ ಫೋನ್ ನಂಬರ್ ಇರುವುದೇ ಇಲ್ಲ ಎಂಬುದೊಂದು ತಿಳಿದಿದ್ದರೆ ಅರ್ಧ ಅಪಾಯ ಕಳೆದಂತೆ. ಆದರೆ ಈ ಪ್ರಕರಣ ಅದಲ್ಲ. ಅಕ್ಕ ಕರೆ ಮಾಡಿದ ನಂಬರು ಪ್ರಿಂಟರಿನ ಜೊತೆಗೆ ಬಂದ ಪುಸ್ತಿಕೆಯದು. ಹುಡುಗ ಸಾಚಾ ತಂತ್ರಜ್ಞ. ಕೆಲಸ ಮಾಡಿಕೊಟ್ಟ, ನಯವಾಗಿ ಮಾತಾಡಿದ, ಒಂದು ರೂಪಾಯಿಯೂ ಎಲ್ಲಿಗೂ ಹೋಗಲಿಲ್ಲ. ನನಗೆ ಇದು ಬರೆಯಬೇಕೆನಿಸಿದ್ದೇ ಅದಕ್ಕೆ. ಕಳ್ಳನಿಗೆ ಬಾಗಿಲು ತೆಗೆಯಬಾರದು, ಮಾತು ಮುಗಿಯಿತು. ರಿಪೇರಿಗೆ ಬಂದವನಿಗೆ ತೆಗೆಯಲೇಬೇಕು. ತೆಗೆದಾಗ ನಡುಮನೆಯಲ್ಲಿ ಏನೇನು ಹರವಿಕೊಂಡಿತ್ತು ಎಂಬುದು ಇಲ್ಲಿನ ವಿಷಯ.

ಆ 70 ನಿಮಿಷ

ತೊಂದರೆ ಇದ್ದದ್ದು ಇಷ್ಟೆ: ವಿಂಡೋಸ್ ಅಪ್‌ಡೇಟ್ ಆದ ಮೇಲೆ ವೈ-ಫೈ ಪ್ರಿಂಟರ್ ‘ಆಫ್‌ಲೈನ್’ ಎಂದು ತೋರಿಸತೊಡಗಿತ್ತು. ಗಾಜಿನ ಮೇಲೆ ಹಾಳೆ ಇಟ್ಟು ನಕಲು ತೆಗೆದರೆ ಬರುತ್ತದೆ, ಕಂಪ್ಯೂಟರಿನಿಂದ ಕಳಿಸಿದ್ದು ಮಾತ್ರ ಬರುವುದಿಲ್ಲ. ಮಾರನೆಯ ದಿನ ಆಸ್ಪತ್ರೆಗೆ ಅಮ್ಮನ ವರದಿಗಳನ್ನು ಒಯ್ಯಬೇಕಿತ್ತು. ಗಾಬರಿಯಲ್ಲಿ ಅಕ್ಕ ಒಂದೇ ವರದಿಗೆ ನಾಲ್ಕು ಸಲ ಪ್ರಿಂಟ್ ಒತ್ತಿದ್ದಳು.

ಅಂದು ನಡೆದದ್ದನ್ನು ನಾನು ಜೋಡಿಸಿಕೊಂಡದ್ದು ಅಕ್ಕನ ನೆನಪು, ಅವಳ ಫೋನಿನ ಕರೆಪಟ್ಟಿ, ರಿಮೋಟ್ ಆ್ಯಪ್ ಬರೆದಿಟ್ಟ ಲಾಗ್, ಇತ್ತೀಚೆಗೆ ತೆರೆದ ಕಡತಗಳನ್ನು ತೋರಿಸುವ ವಿಂಡೋಸಿನ ‘ರೀಸೆಂಟ್’ ಪಟ್ಟಿ ಮತ್ತು ಬ್ರೌಸರ್ ಹಿಸ್ಟರಿ, ಈ ಐದರಿಂದ. ನೆನಪಿಗೂ ಲಾಗಿಗೂ ತಾಳೆಯಾಗದ ಕಡೆ ಲಾಗನ್ನು ನಂಬಿದ್ದೇನೆ. “ಅರ್ಧ ಗಂಟೆ ಹಿಡೀತು” ಎಂದು ಅಕ್ಕ ಹೇಳಿದ್ದಳು, ಲಾಗಿನ ಪ್ರಕಾರ ಅದು 70 ನಿಮಿಷ.

ಹುಡುಗ ಒಂದು ರಿಮೋಟ್ ಆ್ಯಪ್ ಡೌನ್‌ಲೋಡ್ ಮಾಡಿಸಿದ, ಪರದೆಯ ಮೇಲಿನ ಅಂಕಿ ಓದಿ ಹೇಳಿ ಎಂದ, ಆಮೇಲೆ ‘ಅಕ್ಸೆಪ್ಟ್’ ಒತ್ತಿ ಎಂದ. ಆ ಕಿಟಕಿಯಲ್ಲಿ ಯಾವುದಕ್ಕೆಲ್ಲ ಅನುಮತಿ ಎಂದು ಸಣ್ಣ ಗುರುತುಗಳ ಸಾಲೇ ಇರುತ್ತದೆ: ಮೌಸ್ ಮತ್ತು ಕೀಬೋರ್ಡ್, ಕ್ಲಿಪ್‌ಬೋರ್ಡ್ (ಕಾಪಿ ಮಾಡಿದ್ದು ಕೂರುವ ಜಾಗ), ಫೈಲ್ ಸಾಗಣೆ, ಧ್ವನಿ. ಒಂದೊಂದನ್ನೂ ಬೇಡವೆಂದು ಆಫ್ ಮಾಡಬಹುದು. ಅಕ್ಕನಿಗೆ ಕಂಡದ್ದು ಹಸಿರು ಗುಂಡಿ ಒಂದೇ. ‘ಗುಣಮಟ್ಟಕ್ಕಾಗಿ ಈ ಸೆಷನ್ ರೆಕಾರ್ಡ್ ಆಗಬಹುದು’ ಎಂಬ ಸಾಲು ಆಸುಪಾಸಿನಲ್ಲೆಲ್ಲೋ ಇತ್ತಂತೆ. ಒತ್ತಿದಳು.

ಮೊದಲು ಕಂಡದ್ದು ಡೆಸ್ಕ್‌ಟಾಪ್. ಅದರ ಮೇಲೆ 60ಕ್ಕೂ ಹೆಚ್ಚು ಕಡತಗಳು. ಅಕ್ಕನದು ಅಚ್ಚುಕಟ್ಟಿನ ಸ್ವಭಾವ, ಕಡತಗಳಿಗೆ ಅರ್ಥವಾಗುವ ಹೆಸರಿಡುತ್ತಾಳೆ: ‘ಅಮ್ಮ ಬಯಾಪ್ಸಿ ವರದಿ’, ‘ಆಪರೇಷನ್ ದಿನಾಂಕ ಮತ್ತು ಖರ್ಚು’, ‘ಸಾಲದ ಲೆಕ್ಕ’, ‘ಪಾಸ್‌ವರ್ಡ್ ಹೊಸದು’. ಒಂದನ್ನೂ ತೆರೆಯಬೇಕಿಲ್ಲ. ಹೆಸರುಗಳನ್ನು ಮೇಲಿನಿಂದ ಕೆಳಗೆ ಓದಿದರೆ ಒಂದು ಮನೆಯ ಆ ವರ್ಷದ ಕಥೆ ತಿಳಿಯುತ್ತದೆ.

ಆಮೇಲೆ ಆತ ತೆರೆದದ್ದು ಪ್ರಿಂಟ್ ಕ್ಯೂ, ಅಂದರೆ ಸರದಿಯಲ್ಲಿ ಕಾಯುತ್ತಿರುವ ಕಡತಗಳ ಪಟ್ಟಿ. ಪ್ರಿಂಟರ್ ತೊಂದರೆಗೆ ಯಾವ ತಂತ್ರಜ್ಞನೂ ಮೊದಲು ನೋಡುವುದು ಅದನ್ನೇ. ಅಲ್ಲಿ ನಾಲ್ಕು ಸಾಲು, ನಾಲ್ಕರಲ್ಲೂ ಅಮ್ಮನ ಹೆಸರು, ಪಕ್ಕದಲ್ಲಿ ಬಯಾಪ್ಸಿ. ಇದನ್ನು ಆತ ನೋಡದೆ ಇರಲು ಸಾಧ್ಯವೇ ಇರಲಿಲ್ಲ. ಕೆಟ್ಟ ಪ್ರಿಂಟರಿನ ಬಾಯಲ್ಲಿ ನಮ್ಮದೇ ಗುಟ್ಟು ಸಿಕ್ಕಿಕೊಂಡಿತ್ತು ಎಂದರೂ ಸರಿಯೇ.

ಡ್ರೈವರ್, ಅಂದರೆ ಪ್ರಿಂಟರನ್ನು ನಡೆಸುವ ತಂತ್ರಾಂಶ, ಇಳಿಸಲು ಬ್ರೌಸರಿಗೆ ಹೋದ. ಇಮೇಲ್ ಟ್ಯಾಬ್ ತೆರೆದೇ ಇತ್ತು. ಬ್ರೌಸರಿನ ಅಡ್ರೆಸ್ ಬಾರಿನಲ್ಲಿ ಒಂದು ಅಕ್ಷರ ಒತ್ತಿದ್ದೇ ತಡ, ಆ ಅಕ್ಷರದಿಂದ ಶುರುವಾಗುವ ಅಕ್ಕನ ಹಳೆಯ ಹುಡುಕಾಟಗಳೆಲ್ಲ ಕೆಳಗೆ ಇಳಿಬಿದ್ದವು. ಇಳಿದ ಡ್ರೈವರ್ ಹೋಗಿ ಕೂತದ್ದು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ. ಆ ಫೋಲ್ಡರ್ ದೊಡ್ಡ ಚಿತ್ರಗಳ ನೋಟದಲ್ಲಿತ್ತು. ಗುರುತಿನ ಚೀಟಿಯ ಸ್ಕ್ಯಾನು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಮಗುವಿನ ಫೋಟೊ, ಎಲ್ಲ ಸಣ್ಣದಾಗಿ, ಆದರೆ ಕಣ್ಣು ಚುರುಕಿದ್ದವನಿಗೆ ಓದಲು ಸಾಕಾಗುವಷ್ಟು ದೊಡ್ಡದಾಗಿ. ನಡುನಡುವೆ ಮೂಲೆಯಲ್ಲಿ ವಾಟ್ಸ್ಆ್ಯಪ್ ಸಂದೇಶಗಳು ಮುಖ ತೋರಿಸಿ ಹೋಗುತ್ತಿದ್ದವು. ಚಿಕ್ಕಮ್ಮ ಆ ಹೊತ್ತಿಗೇ ಅಮ್ಮನ ಆರೋಗ್ಯ ವಿಚಾರಿಸಬೇಕೆ!

ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕಾಯಿತು. “ಮತ್ತೆ ನಾನೇ ಕನೆಕ್ಟ್ ಆಗ್ಬೇಕಲ್ವಾ ಮೇಡಂ, ಒಂದು ಪಾಸ್‌ವರ್ಡ್ ಇಟ್ಕೊಳ್ತೀನಿ. ಲಾಗಿನ್ ಪಿನ್ ಹೇಳ್ಬಿಡಿ” ಎಂದ. ಹೇಳಿದಳು. ಮರಳಿ ಬಂದು ಪ್ರಿಂಟರಿನ ಪೋರ್ಟ್, ಅಂದರೆ ಕಂಪ್ಯೂಟರ್ ಪ್ರಿಂಟರನ್ನು ತಲುಪುವ ದಾರಿ, ಬದಲಿಸಿದ. ವಿಂಡೋಸ್ ತಾನೇ ಹುಡುಕಿಕೊಂಡಿದ್ದ ಡಬ್ಲ್ಯೂಎಸ್‌ಡಿ ಪೋರ್ಟ್ ತೆಗೆದು, ಮನೆಯ ನೆಟ್‌ವರ್ಕಿನಲ್ಲಿ ಪ್ರಿಂಟರಿಗಿದ್ದ ಐಪಿ ವಿಳಾಸಕ್ಕೆ ನೇರವಾಗಿ ಒಂದು ಟಿಸಿಪಿ/ಐಪಿ ಪೋರ್ಟ್ ಮಾಡಿಕೊಟ್ಟ. ಆಫ್‌ಲೈನ್ ಹೋಯಿತು. “ಯಾವ್ದಾದ್ರೂ ಒಂದು ಪ್ರಿಂಟ್ ಕೊಡಿ ಮೇಡಂ, ನೋಡೋಣ” ಎಂದಾಗ ಅಕ್ಕ ತೆರೆದು ಕೊಟ್ಟದ್ದು ಅದೇ ವರದಿ. ಅವಳಿಗೆ ಬೇಕಾಗಿದ್ದದ್ದೂ ಅದೇ ತಾನೆ.

ಇಷ್ಟರಲ್ಲಿ ನಿಜಕ್ಕೂ ಬೇಕಾಗಿದ್ದದ್ದು ಒಂದೇ ಕಿಟಕಿ: ಪ್ರಿಂಟರ್ ಪ್ರಾಪರ್ಟೀಸ್, ಅದರೊಳಗೆ ಪೋರ್ಟ್ಸ್ ಎಂಬ ಪುಟ. ಡೆಸ್ಕ್‌ಟಾಪ್ ಬೇಕಿರಲಿಲ್ಲ, ಡೌನ್‌ಲೋಡ್ಸ್ ಬೇಕಿರಲಿಲ್ಲ, ಇಮೇಲಂತೂ ದೂರದ ಮಾತು. ಪಿನ್ ಕೂಡ ಬೇಕಿರಲಿಲ್ಲ, ಅಕ್ಕ ಕಂಪ್ಯೂಟರಿನ ಮುಂದೆಯೇ ಕೂತಿದ್ದಳು.

ತಪಾಸಣೆ

ನಾನು ಕ್ವಿಕ್ ಅಸಿಸ್ಟ್ ಮೂಲಕ ಅವಳ ಕಂಪ್ಯೂಟರಿಗೆ ಹೋದೆ. ವಿಂಡೋಸಿನ ಜೊತೆಗೇ ಬರುವ ಈ ಸಾಧನದಲ್ಲಿ ಸಹಾಯ ಮಾಡುವವನು ಒಂದು ಕೋಡ್ ಪಡೆದು ಹೇಳಬೇಕು, ಅದು 10 ನಿಮಿಷಕ್ಕೆ ಸತ್ತುಹೋಗುತ್ತದೆ. ಸಹಾಯ ಪಡೆಯುವವರು ಬರೀ ನೋಡಲು ಬಿಡಬಹುದು, ಬೇಕಾದರೆ ಮಾತ್ರ ಕೈಗೆ ಕೊಡಬಹುದು.

ಮೊದಲು ಕಂಡದ್ದು ಕೆಳಮೂಲೆಯಲ್ಲಿ, ಗಡಿಯಾರದ ಪಕ್ಕ. ಆ ರಿಮೋಟ್ ಆ್ಯಪ್ ಇನ್ನೂ ಅಲ್ಲೇ ಇತ್ತು. ರೀಸ್ಟಾರ್ಟಿಗಾಗಿ ಆತ ಇಟ್ಟುಕೊಂಡ ಪಾಸ್‌ವರ್ಡೂ ಇತ್ತು. ಯಾರೂ ‘ಅಕ್ಸೆಪ್ಟ್’ ಒತ್ತದೆಯೇ ಒಳಗೆ ಬರಲು ಸಾಕಾಗುವ ಬೀಗದ ಕೈ ಅದು. ಕಂಪ್ಯೂಟರ್ ಆನ್ ಆದಾಗಲೆಲ್ಲ ಆ್ಯಪ್ ತಾನಾಗಿ ಎದ್ದು ಕಾಯುತ್ತಿತ್ತು, ಮೂರು ವಾರದಿಂದ. ದುರುದ್ದೇಶ ಎಂದು ನನಗನಿಸಲಿಲ್ಲ. ದಿನಕ್ಕೆ ಹತ್ತಾರು ಕರೆ ಮುಗಿಸುವವನು ಮರೆತಿರುತ್ತಾನೆ. ಕೀಲಿಕೈ ಮಾತ್ರ ಎರಡೂ ಸಂದರ್ಭದಲ್ಲಿ ಒಂದೇ ಬಾಗಿಲನ್ನು ತೆಗೆಯುತ್ತದೆ.

ಬಳಿಕ ಯಾರಾದರೂ ಬಂದಿದ್ದರೆ? ಹೆಚ್ಚಿನ ರಿಮೋಟ್ ಆ್ಯಪ್‌ಗಳು ಒಳಬಂದ ಸಂಪರ್ಕಗಳ ಲೆಕ್ಕ ಇಡುತ್ತವೆ. ಎನಿಡೆಸ್ಕ್‌ನಲ್ಲಿ ‘ಕನೆಕ್ಷನ್ ಟ್ರೇಸ್’ ಎಂಬ ಪಠ್ಯ ಕಡತ ಇರುತ್ತದೆ: ಯಾವಾಗ, ಯಾವ ಗುರುತುಸಂಖ್ಯೆಯಿಂದ, ಮನೆಯವರು ಒಪ್ಪಿ ಬಿಟ್ಟುಕೊಂಡದ್ದೋ ಅಥವಾ ಪಾಸ್‌ವರ್ಡಿನಿಂದ ಬಂದದ್ದೋ, ಎಲ್ಲ ಒಂದೊಂದು ಸಾಲು. ಟೀಮ್‌ವ್ಯೂವರ್‌ನಲ್ಲಿ ಅದರ ಹೆಸರು ‘ಕನೆಕ್ಷನ್ಸ್ ಇನ್‌ಕಮಿಂಗ್’. ಅಕ್ಕನ ಕಂಪ್ಯೂಟರಿನ ಲಾಗಿನಲ್ಲಿ ಎರಡೇ ಸಾಲು. ಮೊದಲ ಸಂಪರ್ಕ, ರೀಸ್ಟಾರ್ಟ್ ನಂತರದ್ದು. ಇಬ್ಬರೂ ಉಸಿರುಬಿಟ್ಟೆವು. ಆದರೆ ಪಠ್ಯ ಕಡತವನ್ನು ಅಡ್ಮಿನ್ ಅಧಿಕಾರ, ಅಂದರೆ ಕಂಪ್ಯೂಟರಿನ ಪೂರ್ಣ ಹಿಡಿತ, ಇದ್ದ ಯಾರು ಬೇಕಾದರೂ ತಿದ್ದಬಹುದು. ಅದಕ್ಕೇ ಇವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗಿನಲ್ಲಿ 7045 ಸಂಖ್ಯೆಯ ನಮೂದುಗಳನ್ನೂ ನೋಡಿದೆ. ಹೊಸ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಸೇರಿಕೊಂಡಾಗಲೆಲ್ಲ ವಿಂಡೋಸ್ ಅದನ್ನು ಬರೆದಿಡುತ್ತದೆ. ರಿಮೋಟ್ ಆ್ಯಪ್ ಮತ್ತು ಪ್ರಿಂಟರಿನದು ಬಿಟ್ಟು ಬೇರೇನೂ ಇರಲಿಲ್ಲ. ಹೊಸ ಬಳಕೆದಾರ ಇಲ್ಲ, ಬ್ರೌಸರಿಗೆ ಹೊಸ ಎಕ್ಸ್‌ಟೆನ್ಷನ್ ಇಲ್ಲ, ಸ್ಟಾರ್ಟಪ್ ಪಟ್ಟಿಯಲ್ಲಿ ಅಪರಿಚಿತರಿಲ್ಲ.

ಅಕ್ಕ ಕೇಳಿದ ಪ್ರಶ್ನೆ ಬೇರೆ. “ನೀನು ಬಿಟ್‌ಲಾಕರ್ ಹಾಕಿಕೊಟ್ಟಿದ್ದೆಯಲ್ಲೋ, ಯಾರೂ ಓದೋಕಾಗಲ್ಲ ಅಂದಿದ್ದೆ?” ಹಾಕಿದ್ದೆ, ನಿಜ. ಡಿಸ್ಕಿನಲ್ಲಿರುವುದನ್ನು ಗೂಢಲಿಪಿಗೆ ತಿರುಗಿಸುವ ಆ ಬೀಗ, ಆಫ್ ಮಾಡಿಟ್ಟ ಕಂಪ್ಯೂಟರನ್ನು ಯಾರಾದರೂ ಹೊತ್ತೊಯ್ದರೆ ಕಾಯುತ್ತದೆ. ಲಾಗಿನ್ ಆದ ಕ್ಷಣಕ್ಕೆ ಎಲ್ಲ ಕಡತ ತೆರೆದ ಹಾಗೆಯೇ, ಪರದೆಯ ಮುಂದೆ ಕೂತವರಿಗೆ ಹೇಗೋ ದೂರದಿಂದ ಕೂತವರಿಗೂ ಹಾಗೆ. ಹಾಕಿಕೊಟ್ಟ ದಿನ ಇದನ್ನು ನಾನು ಹೇಳಿರಲಿಲ್ಲ. ಆ ತಪ್ಪು ನನ್ನದು.

ಪಿನ್ ವಿಷಯಕ್ಕೆ ಬಂದರೆ ಅಕ್ಕ ಅದನ್ನು ತೀರಾ ಹಗುರವಾಗಿ ತೆಗೆದುಕೊಂಡಿದ್ದಳು. “ಅದು ಈ ಕಂಪ್ಯೂಟರಿಗೆ ಮಾತ್ರ ಅಲ್ವಾ.” ಹೌದು, ವಿಂಡೋಸ್ ಪಿನ್ ಆ ಯಂತ್ರಕ್ಕೇ ಕಟ್ಟಿಹಾಕಿದ್ದು, ಬೇರೆ ಕಂಪ್ಯೂಟರಿನಲ್ಲಿ ಅದರಿಂದ ಏನೂ ಆಗದು. ಆದರೆ ಆ ಮನುಷ್ಯನ ಕೈಯಲ್ಲಿ ಈ ಕಂಪ್ಯೂಟರಿನೊಳಕ್ಕೇ ಬರುವ ದಾರಿ ಇತ್ತಲ್ಲ. ಕ್ರೋಮ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಬಿಚ್ಚಿ ತೋರಿಸುವ ಮುನ್ನ ಬ್ರೌಸರ್ ಕೇಳುವುದೂ ಇದೇ ಪಿನ್ನನ್ನು. ದಾರಿಯೂ ಪಿನ್ನೂ ಒಬ್ಬರ ಬಳಿಯೇ ಸೇರಿದರೆ ಉಳಿಯುವ ತಡೆ ಅವರ ಪ್ರಾಮಾಣಿಕತೆ ಒಂದೇ.

ಕ್ಲಿಪ್‌ಬೋರ್ಡನ್ನು ನಾನೂ ಮರೆತಿದ್ದೆ, ಆಮೇಲೆ ನೆನಪಾಯಿತು. ವಿಂಡೋಸ್ ಕೀ ಜೊತೆ ವಿ ಒತ್ತಿದೆ. ಅಕ್ಕ ಕ್ಲಿಪ್‌ಬೋರ್ಡ್ ಹಿಸ್ಟರಿ ಆನ್ ಮಾಡಿಟ್ಟಿದ್ದಳು. ಅದು ಕಾಪಿ ಮಾಡಿದ 25 ತುಣುಕುಗಳವರೆಗೆ ನೆನಪಿಟ್ಟುಕೊಳ್ಳುತ್ತದೆ. ಬಹುತೇಕ ರಿಮೋಟ್ ಆ್ಯಪ್‌ಗಳು ಎರಡೂ ಕಡೆಯ ಕ್ಲಿಪ್‌ಬೋರ್ಡನ್ನು ಒಂದು ಮಾಡುತ್ತವೆ, ಇಲ್ಲಿ ಕಾಪಿ ಮಾಡಿದ್ದನ್ನು ಅಲ್ಲಿ ಪೇಸ್ಟ್ ಮಾಡಬಹುದು. ಆ ಬೆಳಿಗ್ಗೆ ಅಕ್ಕ ಏನು ಕಾಪಿ ಮಾಡಿದ್ದಳೋ ಅವಳಿಗೇ ನೆನಪಿಲ್ಲ. “ಅಕೌಂಟ್ ನಂಬರ್ ಇರಬಹುದು, ಏನೋಪ್ಪ” ಎಂದಳು.

ನಮ್ಮ ಕಡೆಯ ಯಾವ ಲಾಗಿನಲ್ಲೂ ಸಿಗದ ಸಂಗತಿ ಇನ್ನೊಂದಿದೆ. ಆತ ತನ್ನ ಕಡೆ ಸ್ಕ್ರೀನ್‌ಶಾಟ್ ತೆಗೆದಿದ್ದರೆ, ಮೊಬೈಲಿನಲ್ಲಿ ಪರದೆಯ ಫೋಟೊ ಹೊಡೆದಿದ್ದರೆ, ಸೆಷನ್ ರೆಕಾರ್ಡ್ ಆಗಿ ಕಂಪನಿಯ ಸರ್ವರಿನಲ್ಲಿ ಕೂತಿದ್ದರೆ, ನಮ್ಮ ಕಂಪ್ಯೂಟರಿಗೆ ಅದರ ಗಾಳಿಗಂಧವೂ ಇರುವುದಿಲ್ಲ. ರೆಕಾರ್ಡ್ ಆಗಿದೆಯೆ, ಎಷ್ಟು ದಿನ ಇಡುತ್ತೀರಿ ಎಂದು ಅಕ್ಕನಿಂದಲೇ ಕರೆ ಮಾಡಿಸಿ ಕೇಳಿಸಿದೆ. ಮೂವರು ಒಬ್ಬರಿಂದೊಬ್ಬರಿಗೆ ದಾಟಿಸಿದರು. ರೆಕಾರ್ಡ್ ಆಗುತ್ತದೆ ಎಂದು ಒಬ್ಬರು ಒಪ್ಪಿದರು. ಎಷ್ಟು ದಿನ ಎಂಬುದಕ್ಕೆ ಉತ್ತರ ಬರಲಿಲ್ಲ.

ಆ ಸಂಜೆಯೇ ಆ್ಯಪ್ ತೆಗೆದುಹಾಕಿ, ಪಿನ್ ಬದಲಿಸಿ, ಕ್ಲಿಪ್‌ಬೋರ್ಡ್ ಖಾಲಿ ಮಾಡಿದೆವು. ಪಾಸ್‌ವರ್ಡುಗಳನ್ನು ಅಕ್ಕ ತನ್ನ ಫೋನಿನಿಂದ ಬದಲಿಸಿದಳು. ಮೊದಲು ಇಮೇಲ್, ಏಕೆಂದರೆ ಉಳಿದೆಲ್ಲದರ ‘ಪಾಸ್‌ವರ್ಡ್ ಮರೆತಿರಾ’ ಕೊಂಡಿ ಬಂದು ಬೀಳುವುದು ಅಲ್ಲಿಗೆ. ಜೊತೆಗೆ ಎಲ್ಲ ಸಾಧನಗಳಿಂದ ಸೈನ್ ಔಟ್. ‘ಪಾಸ್‌ವರ್ಡ್ ಹೊಸದು’ ಎಂಬ ಕಡತದ ಬಗ್ಗೆ ನಾನು ಬೈಯಲಿಲ್ಲ, ಅವಳೇ ಅಳಿಸಿದಳು.

ದೂರು ಕೊಡೋಣವೇ ಎಂದೆ. “ಯಾರ ಮೇಲೆ? ಪಾಪ, ಕಾಳಜಿಯಿಂದ ಕೇಳಿದ್ದಾನೆ. ಅವನು ಕೇಳದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ” ಎಂದಳು. ಆ ಎರಡನೇ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ.

ಆತನದು ಒಳ್ಳೆಯತನ ಎಂದು ನಾನೂ ಒಪ್ಪುತ್ತೇನೆ. ಎಲ್ಲ ಕಡೆ ಅದೇ ಇರುತ್ತದೆ ಎನ್ನಲಾಗದು. ಕೆನಡಾದ ಗೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಒಂದು ಅಧ್ಯಯನ ಹೊರತಂದರು. ಲ್ಯಾಪ್‌ಟಾಪಿನ ಆಡಿಯೊ ಡ್ರೈವರನ್ನು ಬೇಕೆಂದೇ ನಿಲ್ಲಿಸಿ, ಒಳಗೆ ಎಲ್ಲ ಚಟುವಟಿಕೆ ಗುಟ್ಟಾಗಿ ದಾಖಲಾಗುವ ವ್ಯವಸ್ಥೆ ಮಾಡಿ, 16 ರಿಪೇರಿ ಅಂಗಡಿಗಳಿಗೆ ಕೊಟ್ಟರು. ಧ್ವನಿ ಸರಿಮಾಡಲು ಒಂದು ಕಡತವನ್ನೂ ತೆರೆಯಬೇಕಿಲ್ಲ. ಆದರೂ 6 ಕಡೆ ಖಾಸಗಿ ಕಡತಗಳನ್ನು ನೋಡಿದ್ದರು, 2 ಕಡೆ ನಕಲು ಮಾಡಿಕೊಂಡಿದ್ದರು. ಕೆಲವರು ಜಾಡು ಅಳಿಸಲೂ ನೋಡಿದ್ದರು. ಅದು ಯಂತ್ರವನ್ನೇ ಕೈಗೆ ಕೊಟ್ಟು ಬಂದ ಸಂದರ್ಭ. ರಿಮೋಟಿನಲ್ಲಿ ನಮಗೊಂದು ಅನುಕೂಲ ಇದೆ: ನಾವೂ ಅದೇ ಪರದೆ ನೋಡುತ್ತಿರುತ್ತೇವೆ. ಅಕ್ಕ ಮೊದಲ ಸಲ ಆ ಅನುಕೂಲವನ್ನು ಬಳಸಲಿಲ್ಲ. ನಡುವೆ 20 ನಿಮಿಷ ಎದ್ದು ಅಮ್ಮನ ಕೋಣೆಗೆ ಹೋಗಿದ್ದಳು. ಆ 20 ನಿಮಿಷದಲ್ಲಿ ರೀಸೆಂಟ್ ಪಟ್ಟಿಗೆ ಹೊಸದೇನೂ ಸೇರಿಲ್ಲ ಎಂಬುದಷ್ಟೇ ನನಗೆ ಗೊತ್ತು.

ಎರಡನೇ ಸಲ

ಪ್ರಿಂಟರ್ ಮತ್ತೆ ಆಫ್‌ಲೈನ್ ಆಗಿತ್ತಲ್ಲ. ಕಾರಣ ಸುಮಾರಾಗಿ ಊಹಿಸಿದ್ದೆ, ಆದರೆ ಪ್ರಿಂಟರಿನ ಒಳಗಿನ ಸೆಟ್ಟಿಂಗ್ ನನಗೆ ಹತ್ತಲಿಲ್ಲ. ಕಂಪನಿಗೇ ಕರೆ ಮಾಡಬೇಕಾಯಿತು. ಈ ಸಲ ಮೊದಲು ನಡುಮನೆ ಗುಡಿಸೋಣ ಎಂದುಕೊಂಡೆವು.

ವಿಂಡೋಸಿನಲ್ಲಿ ‘ಸಹಾಯ’ ಎಂಬ ಹೆಸರಿನ ಹೊಸ ಅಕೌಂಟ್ ಮಾಡಿದೆವು. ಅಡ್ಮಿನ್ ಅಲ್ಲದ, ಸ್ಟ್ಯಾಂಡರ್ಡ್ ಅಕೌಂಟ್. ಅದರ ಡೆಸ್ಕ್‌ಟಾಪ್ ಖಾಲಿ, ಬ್ರೌಸರಿಗೆ ನೆನಪಿಲ್ಲ, ವಾಟ್ಸ್ಆ್ಯಪ್ ಇಲ್ಲ. ಅಕ್ಕನ ಫೋಲ್ಡರಿಗೆ ಅಲ್ಲಿಂದ ಹೋಗಲು ನೋಡಿದರೆ ವಿಂಡೋಸ್ ತಡೆದು ಅಡ್ಮಿನ್ ಪಿನ್ ಕೇಳುತ್ತದೆ. ಪ್ರಿಂಟರ್ ಮಾತ್ರ ಎರಡೂ ಅಕೌಂಟಿಗೆ ಕಾಣುತ್ತದೆ, ಅದು ಕಂಪ್ಯೂಟರಿಗೆ ಸೇರಿದ್ದು, ಬಳಕೆದಾರರಿಗಲ್ಲ. ಪ್ರಿಂಟ್ ಕ್ಯೂ ಮೊದಲೇ ಖಾಲಿ ಮಾಡಿದೆವು. ಅಕ್ಕನ ಅಕೌಂಟಿನಿಂದ ಸೈನ್ ಔಟ್ ಆದೆವು. ‘ಸ್ವಿಚ್ ಯೂಸರ್’ ಮಾಡಿದರೆ ಹಿಂದಿನ ಅಕೌಂಟಿನ ಆ್ಯಪ್‌ಗಳೆಲ್ಲ ಒಳಗೊಳಗೆ ಓಡುತ್ತಲೇ ಇರುತ್ತವೆ.

ಗೆದ್ದೆವು ಎಂದುಕೊಂಡೆ. ಹಾಗೇ ಒಮ್ಮೆ ‘ಸಹಾಯ’ದಿಂದ ಡಿ ಡ್ರೈವ್ ತೆರೆಯಲು ಹೇಳಿದೆ. ತೆರೆಯಿತು. ಹನ್ನೆರಡು ವರ್ಷದ ಫೋಟೊಗಳು, ಅಪ್ಪನ ಆಸ್ತಿ ಪತ್ರಗಳ ಸ್ಕ್ಯಾನು, ಎಲ್ಲ. ಬಳಕೆದಾರರ ಫೋಲ್ಡರಿಗೆ ಇರುವ ಬೇಲಿ ಬೇರೆ ಡ್ರೈವುಗಳಿಗೆ ಇರುವುದಿಲ್ಲ. ಡಿಸ್ಕನ್ನು ಪಾಲು ಮಾಡಿ ಎರಡನೇ ಪಾರ್ಟಿಷನ್ ಮಾಡಿದಾಗ ವಿಂಡೋಸ್ ಅದನ್ನು ಆ ಕಂಪ್ಯೂಟರಿಗೆ ಲಾಗಿನ್ ಆದ ಎಲ್ಲರಿಗೂ ಬಿಟ್ಟುಕೊಟ್ಟಿರುತ್ತದೆ. ಬೇರೆ ಅಕೌಂಟ್ ಮಾಡಿ ಎಂದು ಸಲಹೆ ಕೊಡುವವರು ಬಹಳ, ನಾನೂ ಅವರಲ್ಲೊಬ್ಬ. ಈ ಡಿ ಡ್ರೈವಿನ ಮಾತು ಅಲ್ಲಿಯವರೆಗೆ ನನಗೇ ಹೊಳೆದಿರಲಿಲ್ಲ. ಅಡ್ಮಿನ್ ಅಕೌಂಟಿಗೆ ಹೋಗಿ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಆ ಡ್ರೈವಿನ ಅಕ್ಷರವನ್ನೇ ತೆಗೆಸಿದೆ. ಒಳಗಿನ ಕಡತಗಳಿಗೆ ಏನೂ ಆಗುವುದಿಲ್ಲ, ಡ್ರೈವ್ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಆಮೇಲೆ ಮತ್ತೆ ಅದೇ ಅಕ್ಷರ ಕೊಟ್ಟರಾಯಿತು. ಒಂದು ಎಚ್ಚರ: ಅದೇ ಮೆನುವಿನಲ್ಲಿ ಫಾರ್ಮ್ಯಾಟ್ ಕೂಡ ಇದೆ, ಅವಸರದ ಕೈಗೆ ಹೇಳಿದ ಜಾಗವಲ್ಲ. ಬ್ಯಾಕಪ್ಪಿನ ಹೊರಗಿನ ಡಿಸ್ಕನ್ನು ಕೇಬಲ್ ಸಮೇತ ಕಿತ್ತು ಕಪಾಟಿಗೆ ಹಾಕಿಸಿದೆ.

ಇಷ್ಟಕ್ಕೆ 25 ನಿಮಿಷ ಹಿಡಿಯಿತು.

ಕರೆಗೆ ಬಂದದ್ದು ಈ ಸಲ ಬೇರೆ ತಂತ್ರಜ್ಞೆ. ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿದ್ದಳು, ಇನ್ನೊಂದು ಫೋನಿನಲ್ಲಿ ನಾನು ಕೇಳುತ್ತಿದ್ದೆ. ಕ್ವಿಕ್ ಅಸಿಸ್ಟ್‌ನಲ್ಲಿ ಬನ್ನಿ ಎಂದರೆ ಆಗಲ್ಲ, ನಮ್ಮ ಆ್ಯಪ್ಪೇ ಆಗಬೇಕು ಎಂದರು. ಒಪ್ಪಿದೆವು, ಆದರೆ ಇನ್‌ಸ್ಟಾಲ್ ಮಾಡದೆ, ಸುಮ್ಮನೆ ತೆರೆದು ಬಳಸುವ ಷರತ್ತಿನ ಮೇಲೆ. ಅನುಮತಿಗಳ ಸಾಲಿನಲ್ಲಿ ಅಕ್ಕ ಕ್ಲಿಪ್‌ಬೋರ್ಡ್, ಫೈಲ್ ಸಾಗಣೆ, ಧ್ವನಿ ಮೂರನ್ನೂ ಆಫ್ ಮಾಡಿದಳು.

ಪೋರ್ಟ್ ನೋಡಲು ಹೋದ ಕೂಡಲೆ ವಿಂಡೋಸ್ ಅಡ್ಮಿನ್ ಪಿನ್ ಕೇಳಿತು. ಅತ್ತ ಕಡೆಯ ಪರದೆ ನಿಂತುಹೋಯಿತು.

“ಮೇಡಂ, ಪಿನ್ ಸ್ವಲ್ಪ ಹೇಳ್ತೀರಾ?”

“ಇಲ್ಲಮ್ಮ, ನಾನೇ ಹಾಕ್ತೀನಿ.”

“ಸರಿ ಮೇಡಂ. ಪದೇ ಪದೇ ಕೇಳುತ್ತೆ, ನಾನೊಂದು ರಿಕ್ವೆಸ್ಟ್ ಕಳಿಸ್ತೀನಿ, ಅದಕ್ಕೆ ಒಂದ್ಸಲ ಎಸ್ ಕೊಟ್ಬಿಡಿ.”

ಇಲ್ಲಿ ನಾನು ಬಾಯಿ ಹಾಕಿದೆ. ಎರಡೂ ಒಂದೇ ತರಹ ಕಾಣುತ್ತವೆ, ಒಂದೇ ಅಲ್ಲ. ಮೊದಲನೆಯದರಲ್ಲಿ ಅಕ್ಕ ಆ ಒಂದು ಕೆಲಸಕ್ಕೆ, ಪ್ರಿಂಟರಿನ ಕಿಟಕಿಗೆ, ಅಧಿಕಾರ ಕೊಡುತ್ತಾಳೆ. ಎರಡನೆಯದು ರಿಮೋಟ್ ಆ್ಯಪಿಗೇ ಅಡ್ಮಿನ್ ಅಧಿಕಾರ ಕೇಳುವ ಮನವಿ. ಅದಕ್ಕೆ ಹೂಂ ಎಂದರೆ ಅಕ್ಕನ ಫೋಲ್ಡರಿನ ಬೇಲಿಯೂ ಬೀಳುತ್ತದೆ, ಮರೆಮಾಡಿದ ಡ್ರೈವಿಗೂ ಅಕ್ಷರ ಕೊಡಬಹುದು. 25 ನಿಮಿಷದ ಕೆಲಸ ಒಂದು ಕ್ಲಿಕ್ಕಿಗೆ ನೀರುಪಾಲು. ಬೇಡ, ಎಷ್ಟು ಸಲ ಕೇಳಿದರೂ ಇಲ್ಲೇ ಹಾಕುತ್ತೇವೆ ಎಂದೆವು. ಒಟ್ಟು ಮೂರು ಸಲ ಕೇಳಿತು. ತಂತ್ರಜ್ಞೆಗೆ ಬೇಸರವಾದಂತೆ ಕಾಣಲಿಲ್ಲ, ಇನ್ನೂ ಹೇಳಬೇಕೆಂದರೆ ಆಮೇಲಿಂದ ಪ್ರತಿ ಕ್ಲಿಕ್ಕಿಗೂ ಮುಂಚೆ “ಈಗ ಇದನ್ನ ಓಪನ್ ಮಾಡ್ತಿದೀನಿ” ಎಂದು ಹೇಳತೊಡಗಿದರು.

ಕಾರಣ ನಾನು ಊಹಿಸಿದ್ದೇ. ಹಿಂದಿನ ಹುಡುಗ ಪೋರ್ಟಿಗೆ ಬರೆದಿದ್ದ ಐಪಿ ವಿಳಾಸ ಅಂದಿನ ವಿಳಾಸ. ರೂಟರ್ ಆಗಾಗ ವಿಳಾಸ ಬದಲಿಸಿ ಹಂಚುತ್ತದೆ, ಪ್ರಿಂಟರಿಗೆ ಈಗ ಬೇರೆ ಸಿಕ್ಕಿತ್ತು. ಕಂಪ್ಯೂಟರ್ ಹಳೆಯ ಮನೆಯ ಬಾಗಿಲು ಬಡಿಯುತ್ತಿತ್ತು. ಶಾಶ್ವತ ಪರಿಹಾರ ರೂಟರಿನಲ್ಲಿ ಪ್ರಿಂಟರಿಗೊಂದು ವಿಳಾಸ ಕಾಯ್ದಿರಿಸುವುದು. “ರೂಟರ್ ಪೇಜ್ ಓಪನ್ ಮಾಡಿ ಮೇಡಂ, ನಾನೇ ಮಾಡ್ಕೊಡ್ತೀನಿ” ಎಂದರು. ರೂಟರಿನ ಪುಟದಲ್ಲಿ ವೈ-ಫೈ ಪಾಸ್‌ವರ್ಡ್ ಇದೆ. ಮನೆಯಲ್ಲಿರುವ ಒಂದೊಂದು ಫೋನ್, ಟಿವಿ, ಕ್ಯಾಮೆರಾದ ಹೆಸರು ಪಟ್ಟಿಯಾಗಿ ಇದೆ. ಅದನ್ನು ತೋರಿಸುವ ಬದಲು ಅವರಿಂದ ಹಂತಗಳನ್ನು ಬಾಯಿಮಾತಿನಲ್ಲಿ ಬರೆಸಿಕೊಂಡು, ಸೆಷನ್ ಮುಗಿಸಿ, ಅಕ್ಕ ತಾನೇ ಮಾಡಿದಳು. ಪರೀಕ್ಷೆಗೆ ವಿಂಡೋಸಿನದೇ ಟೆಸ್ಟ್ ಪುಟ ಪ್ರಿಂಟ್ ಮಾಡಿದೆವು, ಅದರಲ್ಲಿ ಪ್ರಿಂಟರಿನ ಮತ್ತು ಡ್ರೈವರಿನ ವಿವರ ಬಿಟ್ಟರೆ ಮನೆಯ ಸುದ್ದಿ ಇಲ್ಲ.

ಸೆಷನ್ 18 ನಿಮಿಷದಲ್ಲಿ ಮುಗಿದಿತ್ತು. ಆ್ಯಪ್ ಅಳಿಸಿದೆವು, ಡಿ ಡ್ರೈವಿಗೆ ಅಕ್ಷರ ಮರಳಿಸಿದೆವು. ‘ಸಹಾಯ’ ಅಕೌಂಟ್ ಇರಲಿ ಎಂದಳು ಅಕ್ಕ.

ನಾನು ಬಿಟ್ಟೆ ಎಂದ ಆ ಒಂದು ವಿವರದ ಬಗ್ಗೆ ಇಷ್ಟು ಮಾತ್ರ. ತಪಾಸಣೆಯ ದಿನ ರೀಸೆಂಟ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತ ಹೋದವನು ನಾನು. ತಂತ್ರಜ್ಞ ಏನು ನೋಡಿರಬಹುದು ಎಂದು ಹುಡುಕುತ್ತ ಡೆಸ್ಕ್‌ಟಾಪಿನ 60 ಹೆಸರನ್ನೂ ಒಂದೊಂದಾಗಿ ಓದಿದೆ, ಥಂಬ್‌ನೇಲುಗಳನ್ನು ದೊಡ್ಡದು ಮಾಡಿ ನೋಡಿದೆ. ಅವುಗಳಲ್ಲಿ ಒಂದು ಕಡತದ ಹೆಸರು ಅಕ್ಕ ಮನೆಯಲ್ಲಿ ಯಾರಿಗೂ, ನನಗೂ, ಹೇಳದ ಒಂದು ಸಂಗತಿಯನ್ನು ಹೇಳುತ್ತಿತ್ತು. ನನ್ನ ಮೌಸ್ ಅದರ ಮೇಲೆ ಒಂದು ಕ್ಷಣ ನಿಂತಿತು. ಅವಳ ಪರದೆಯಲ್ಲೂ ಅದು ನಿಂತದ್ದು ಕಂಡಿರಬೇಕು. ಇಬ್ಬರೂ ಏನೂ ಮಾತಾಡಲಿಲ್ಲ, ನಾನು ಕೆಳಗೆ ಸರಿಸಿದೆ.

ಕಳೆದ ತಿಂಗಳು ಸ್ಕ್ಯಾನರಿಗೆ ಏನೋ ಆಯಿತೆಂದು ಅಕ್ಕ ಫೋನ್ ಮಾಡಿದಳು. ಕೋಡ್ ಹೇಳಿದೆ, ಸಂಪರ್ಕ ಸಿಕ್ಕಿತು. ಎದುರಿಗೆ ಬಂದದ್ದು ಖಾಲಿ ಡೆಸ್ಕ್‌ಟಾಪ್, ಮೂಲೆಯಲ್ಲಿ ‘ಸಹಾಯ’ ಎಂಬ ಹೆಸರು. ಪಿನ್ ಕೇಳಿದಾಗ, “ನಾನೇ ಹಾಕ್ತೀನಿ ಇರು” ಅಂದಳು.